ಚಳಿಗಾಲದ ಕಂದಕಗಳು ಮತ್ತು ಪಾದಗಳ ಆರೈಕೆ

ಚಳಿಗಾಲ ಬಂತೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಪಾದದ ನೆನಪಾಗುವುದು ಹಿಮ್ಮಡಿ ಒಡೆದಾಗ ಮಾತ್ರ. ಕೊಬ್ಬರಿ ಎಣ್ಣೆಯನ್ನೋ ಮುಲಾಮನ್ನೋ ಸವರಿಕೊಂಡರೆ ಅಲ್ಲಿಗೆ ಪಾದದ ಆರೈಕೆ ಮುಗಿಯಿತು. ಚಳಿಯಿಂದ ಕಾಲನ್ನೇ ಕಳೆದುಕೊಳ್ಳಬಹುದೆಂಬ ಭಯ ಬಯಲುಸೀಮೆಯವರಿಗಾಗಲಿ ಮಲೆನಾಡಿನವರಿಗಾಗಲಿ ಇಲ್ಲ. ಶೀತದೇಶಗಳಲ್ಲಿ ಸಂಗತಿ ಬೇರೆ. ಅಲ್ಲಿ ಚಳಿಗಾಲದಲ್ಲಿ ನಡೆದ ಯುದ್ಧಗಳಲ್ಲಿ, ಮೈಮೇಲೆ ಒಂದು ಗೀರೂ ಇಲ್ಲದೆ ಕೇವಲ ಪಾದ ಕೆಟ್ಟು ಆಸ್ಪತ್ರೆ ಸೇರಿದ ಸೈನಿಕರ ಸಂಖ್ಯೆ ಸಾವಿರಗಳಲ್ಲಿದೆ. ಈ ಪಾದಗಳು ಏಕೆ ಕೆಟ್ಟವು, ಅವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ವೈದ್ಯರೂ ಸೇನೆಗಳೂ ಕಲಿತದ್ದು ಬಹಳ ನಿಧಾನವಾಗಿ. ಕಲಿತದ್ದನ್ನು ಮರೆತದ್ದು ಮಾತ್ರ ಬೇಗನೆ.

ನೆಪೋಲಿಯನ್ನನ ಶಸ್ತ್ರವೈದ್ಯ ಕಂಡದ್ದು

1807ರ ಫೆಬ್ರವರಿ. ಪೂರ್ವ ಪ್ರಷ್ಯದ ಐಲಾವ್ ಎಂಬಲ್ಲಿ ನೆಪೋಲಿಯನ್ನನ ಸೇನೆಗೂ ರಷ್ಯನ್ನರಿಗೂ ಹಿಮದ ನಡುವೆ ಘೋರ ಯುದ್ಧವಾಯಿತು. ಫ್ರೆಂಚ್ ಸೇನೆಯ ಪ್ರಸಿದ್ಧ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ (1766-1842) ಅಲ್ಲಿದ್ದ. ಗಾಯಾಳುಗಳನ್ನು ರಣರಂಗದಿಂದಲೇ ಬೇಗ ಹೊತ್ತೊಯ್ಯಲು ಕುದುರೆಗಾಡಿಗಳ ವ್ಯವಸ್ಥೆ ಮಾಡಿದವನು ಇವನೇ. ಕಣ್ಣಿಗೆ ಬಿದ್ದದ್ದನ್ನು ಬರೆದಿಡುವ ಒಳ್ಳೆಯ ಅಭ್ಯಾಸ ಅವನಿಗಿತ್ತು.

ಲಾರೆ ಗಮನಿಸಿದ ಸಂಗತಿ ವಿಚಿತ್ರವಾಗಿತ್ತು. ಉಷ್ಣತೆ ಶೂನ್ಯಕ್ಕಿಂತ ಬಹಳ ಕೆಳಗಿದ್ದ ದಿನಗಳಲ್ಲಿ ಸೈನಿಕರು ಪಾದದ ನೋವೆಂದು ದೂರಲಿಲ್ಲ. ಯುದ್ಧ ಮುಗಿದ ಮೇಲೆ ಹವೆ ಒಮ್ಮೆಲೆ ಬದಲಾಗಿ, ಉಷ್ಣತೆ ಶೂನ್ಯಕ್ಕಿಂತ ಮೇಲೇರಿ, ಹಿಮ ಕರಗಿ ಕೆಸರಾಯಿತು. ಆಗ ಶುರುವಾಯಿತು ತೊಂದರೆ. ಪಾದ ಮರಗಟ್ಟಿದೆ, ಭಾರವಾಗಿದೆ, ಸೂಜಿ ಚುಚ್ಚಿದಂತಾಗುತ್ತಿದೆ ಎಂದು ಸೈನಿಕರು ಸಾಲುಗಟ್ಟಿ ಬಂದರು. ಅವರಲ್ಲಿ ಯಾರು ಬೆಂಕಿಯ ಬಳಿ ಹೋಗಿ ಕಾಲು ಕಾಯಿಸಿಕೊಂಡರೋ ಅವರ ಪಾದಗಳೇ ಮೊದಲು ಕಪ್ಪಗಾಗಿ ಕೊಳೆಯತೊಡಗಿದವು.

ಇದರಿಂದ ಲಾರೆ ಎರಡು ತೀರ್ಮಾನಗಳಿಗೆ ಬಂದ. ಪಾದವನ್ನು ಕೆಡಿಸುವುದು ಚಳಿಗಿಂತ ಹೆಚ್ಚಾಗಿ ಚಳಿಯ ನಂತರದ ಬಿಸಿ ಎಂಬುದು ಒಂದು. ಆದ್ದರಿಂದ ಮರಗಟ್ಟಿದ ಅಂಗವನ್ನು ಹಿಮದಿಂದ ಉಜ್ಜಿ ನಿಧಾನವಾಗಿ ಚೇತರಿಸಬೇಕು ಎಂಬುದು ಎರಡನೆಯದು. ಸ್ಪರ್ಶಜ್ಞಾನವಿಲ್ಲದ ಕಾಲನ್ನು ಉರಿಯುವ ಬೆಂಕಿಗೆ ಒಡ್ಡಿದರೆ ಸುಟ್ಟರೂ ತಿಳಿಯುವುದಿಲ್ಲ. ಅಲ್ಲಿಯವರೆಗೆ ಅವನ ಎಚ್ಚರಿಕೆ ಸರಿಯೇ. ಆದರೆ ಹಿಮದಿಂದ ಉಜ್ಜುವ ಉಪಾಯ ಸತ್ತಂತಿರುವ ಚರ್ಮವನ್ನು ಇನ್ನಷ್ಟು ತಣ್ಣಗೆ ಮಾಡಿ, ಮೇಲಿಂದ ಕೆರೆದು ಗಾಯ ಮಾಡುವ ಕೆಲಸ. ಅಷ್ಟು ದೊಡ್ಡ ವೈದ್ಯ ಹೇಳಿದ ಮಾತೆಂದು ಅದು ಪಠ್ಯಪುಸ್ತಕಗಳಲ್ಲಿ ಸುಮಾರು ಒಂದೂಕಾಲು ಶತಮಾನ ಉಳಿದುಕೊಂಡಿತು. ಅವನ ಮೊದಲ ಅವಲೋಕನ, ಅಂದರೆ ಹೆಪ್ಪುಗಟ್ಟದ ಚಳಿಯಲ್ಲೂ ಒದ್ದೆಯಾದ ಪಾದ ಕೆಡುತ್ತದೆ ಎಂಬುದು, ಮೂಲೆ ಸೇರಿತು. ಒಳ್ಳೆಯ ಅವಲೋಕನವನ್ನು ಬಿಟ್ಟು ಕೆಟ್ಟ ಚಿಕಿತ್ಸೆಯನ್ನು ಇಟ್ಟುಕೊಂಡ ನಿದರ್ಶನ ವೈದ್ಯಕೀಯ ಇತಿಹಾಸದಲ್ಲಿ ಇದೊಂದೇ ಅಲ್ಲ.

ಫ್ಲಾಂಡರ್ಸ್‌ನ ಕೆಸರು

ಒಂದನೆಯ ಮಹಾಯುದ್ಧ 1914ರ ಜುಲೈ ಕೊನೆಯಲ್ಲಿ ಆರಂಭವಾಯಿತು. ಶರತ್ಕಾಲದ ಹೊತ್ತಿಗೆ ಪಶ್ಚಿಮ ರಂಗದಲ್ಲಿ ಎರಡೂ ಪಕ್ಷದವರು ಕಂದಕ ತೋಡಿಕೊಂಡು ಎದುರುಬದುರು ಕುಳಿತರು. ಬೆಲ್ಜಿಯಮ್ ಮತ್ತು ಉತ್ತರ ಫ್ರಾನ್ಸ್‌ಗೆ ಸೇರಿದ ಫ್ಲಾಂಡರ್ಸ್ ಪ್ರದೇಶ ತಗ್ಗಿನ ಬಯಲು. ಜೇಡಿಮಣ್ಣಿನ ನೆಲ; ಸ್ವಲ್ಪ ಅಗೆದರೆ ನೀರು. ಶತಮಾನಗಳಿಂದ ರೈತರು ಕಾಲುವೆ ಮಾಡಿ ನೀರು ಬಸಿದು ಕೃಷಿ ಮಾಡುತ್ತಿದ್ದ ಆ ನೆಲದ ಚರಂಡಿಗಳನ್ನೆಲ್ಲ ಫಿರಂಗಿಗಳು ಒಡೆದುಹಾಕಿದ್ದವು. ಮಳೆ ಬಂದಾಗ ಕಂದಕಗಳೇ ಚರಂಡಿಗಳಾದವು. ಮೊಣಕಾಲುದ್ದದ ತಣ್ಣನೆಯ ಕೆಸರಿನಲ್ಲಿ ಸೈನಿಕ ಎರಡು ಮೂರು ದಿನ ನಿಂತಿರಬೇಕು. ಓಡಾಡುವಂತಿಲ್ಲ, ತಲೆ ಎತ್ತುವಂತಿಲ್ಲ, ಬೂಟು ಬಿಚ್ಚುವಂತಿಲ್ಲ.

ಈ ಕೆಸರಿಗೆ ಇಳಿದವರಲ್ಲಿ ಭಾರತೀಯರೂ ಇದ್ದರು. ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳ ಸೈನಿಕರು 1914ರ ಸೆಪ್ಟೆಂಬರ್ ಕೊನೆಯಿಂದ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯತೊಡಗಿದರು. ಹೊರಟಾಗ ಅವರ ಮೈಮೇಲಿದ್ದದ್ದು ತೆಳು ಹತ್ತಿಯ ಖಾಕಿ. ಅಕ್ಟೋಬರ್‌ನಲ್ಲೇ ಅವರನ್ನು ರಂಗಕ್ಕೆ ಕಳಿಸಲಾಯಿತು. ಚಳಿಗಾಲದ ಉಡುಪು ಪೂರ್ತಿ ಕೈಸೇರಿದ್ದು ಆಮೇಲೆ. ಡಿಸೆಂಬರ್‌ನಲ್ಲಿ ಜೀವಾಂಶಿ ಮತ್ತು ಫೆಸ್ಟುಬೆರ್ ಗ್ರಾಮಗಳ ಸುತ್ತ ನಡೆದ ಕದನದಲ್ಲಿ ಅವರ ಕಂದಕಗಳು ನೀರಿನಿಂದ ತುಂಬಿದ್ದವು. ಭಾರತೀಯರಿಗೆ ಚಳಿ ತಡೆಯದು, ಅದಕ್ಕೇ ಪಾದ ಕೆಡುತ್ತದೆ ಎಂಬ ಮಾತು ಸುಲಭವಾಗಿ ಹುಟ್ಟಬಹುದಿತ್ತು. ಆದರೆ ಅದೇ ತಿಂಗಳುಗಳಲ್ಲಿ ಚಳಿದೇಶದಲ್ಲೇ ಹುಟ್ಟಿ ಬೆಳೆದ ಇಂಗ್ಲಿಷ್ ಮತ್ತು ಸ್ಕಾಟ್ ಸೈನಿಕರ ಪಾದಗಳೂ ಹಾಗೆಯೇ ಕೆಡುತ್ತಿದ್ದವು. 1914-15ರ ಚಳಿಗಾಲವೊಂದರಲ್ಲೇ ಬ್ರಿಟಿಷ್ ಸೇನೆಯ ಸುಮಾರು 20,000 ಮಂದಿ ಈ ತೊಂದರೆಯಿಂದ ಚಿಕಿತ್ಸೆ ಪಡೆದರು.

ಆರಂಭದಲ್ಲಿ ವೈದ್ಯರು ಇದನ್ನು ಫ್ರಾಸ್ಟ್‌ಬೈಟ್ ಅಂದರೆ ಹಿಮಕಡಿತ ಎಂದೇ ದಾಖಲಿಸಿದರು. ಹೆಸರು ತಪ್ಪಾಗಿತ್ತು. ಹಿಮಕಡಿತದಲ್ಲಿ ಅಂಗಾಂಶದೊಳಗಿನ ನೀರೇ ಮಂಜಿನ ಹರಳಾಗುತ್ತದೆ. ಅದಕ್ಕೆ ಉಷ್ಣತೆ ಶೂನ್ಯಕ್ಕಿಂತ ಕೆಳಗೆ ಇಳಿಯಲೇಬೇಕು. ಫ್ಲಾಂಡರ್ಸ್‌ನ ಕೆಸರು ಹಲವು ದಿನ ಅಷ್ಟು ತಣ್ಣಗಿರಲಿಲ್ಲ. ನಿಧಾನವಾಗಿ ಟ್ರೆಂಚ್ ಫುಟ್ ಎಂಬ ಹೊಸ ಹೆಸರು ಬಂತು. ಕನ್ನಡದಲ್ಲಿ ಕಂದಕಪಾದ ಎನ್ನೋಣ.

ಕಂದಕಪಾದ ಮೊದಲು ಬಿಳುಚಿ, ತಣ್ಣಗಾಗಿ, ಸ್ಪರ್ಶ ಕಳೆದುಕೊಳ್ಳುತ್ತದೆ. ಮರದ ಕಾಲಿನ ಮೇಲೆ ನಡೆದಂತಾಗುತ್ತದೆ. ನೋವಿಲ್ಲದ್ದರಿಂದ ಸೈನಿಕ ಅದನ್ನು ಅಲಕ್ಷಿಸುತ್ತಾನೆ. ಕಂದಕದಿಂದ ಹೊರಬಂದು ಬೂಟು ಬಿಚ್ಚಿದ ಕೆಲವೇ ಗಂಟೆಗಳಲ್ಲಿ ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಹೊದಿಕೆ ತಗುಲಿದರೂ ಕಿರುಚುವಷ್ಟು ಉರಿಯುತ್ತದೆ. ಬಿಚ್ಚಿದ ಬೂಟನ್ನು ಮತ್ತೆ ಹಾಕಲಾಗುವುದಿಲ್ಲ. ತೀವ್ರವಾದರೆ ಬೊಬ್ಬೆಗಳೆದ್ದು, ಬೆರಳು ಕಪ್ಪಾಗಿ ಕೊಳೆಯುತ್ತದೆ. ಗಾಯಕ್ಕೆ ಧನುರ್ವಾಯು ತಗುಲಿದರೆ ಜೀವಕ್ಕೇ ಅಪಾಯ.

ಮೊಲಗಳು, ಬೂಷ್ಟು ಮತ್ತು ತಿಮಿಂಗಿಲದ ಎಣ್ಣೆ

ಎಡಿನ್‌ಬರೋ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಲೊರೇನ್ ಸ್ಮಿತ್, ರಿಚಿ ಮತ್ತು ಡಾಸನ್ ಎಂಬ ಸಹೋದ್ಯೋಗಿಗಳೊಂದಿಗೆ 1915ರಲ್ಲಿ ಮೊಲಗಳ ಮೇಲೆ ಪ್ರಯೋಗ ನಡೆಸಿದ. ಚಳಿಯಿಂದ ಸಣ್ಣ ರಕ್ತನಾಳಗಳ ಗೋಡೆಗಳಿಗೆ ಹಾನಿಯಾಗುತ್ತದೆ. ಮತ್ತೆ ರಕ್ತ ಹರಿಯತೊಡಗಿದಾಗ ಆ ಗೋಡೆಗಳಿಂದ ದ್ರವ ಜಿನುಗಿ ಸುತ್ತಲಿನ ಅಂಗಾಂಶ ಊದಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಲಾರೆ ಕಂಡಿದ್ದ ‘ಚಳಿಯ ನಂತರದ’ ತೊಂದರೆಗೆ ಇದು ಮೊದಲ ಪ್ರಾಯೋಗಿಕ ವಿವರಣೆ. (ಇದೇ ಲೊರೇನ್ ಸ್ಮಿತ್‌ನ ತಂಡ ಅದೇ ವರ್ಷ ಯೂಸಾಲ್ ಎಂಬ ಕ್ಲೋರಿನ್ ದ್ರಾವಣವನ್ನೂ ಪ್ರಕಟಿಸಿತು. ನಮ್ಮ ಆಸ್ಪತ್ರೆಗಳಲ್ಲೂ ಹುಣ್ಣು ತೊಳೆಯಲು ಅದು ಬಹುಕಾಲ ಬಳಕೆಯಲ್ಲಿತ್ತು.)

ಎಲ್ಲರೂ ಇದನ್ನು ಒಪ್ಪಲಿಲ್ಲ. ಫ್ರಾನ್ಸಿನಲ್ಲಿ ರೇಮಂಡ್ ಮತ್ತು ಪಾರಿಸೋ ಎಂಬ ವೈದ್ಯರು 1916ರಲ್ಲಿ, ಕೆಟ್ಟ ಪಾದಗಳಲ್ಲಿ ಮಣ್ಣಿನ ಬೂಷ್ಟು ಕಾಣಿಸಿತೆಂದೂ ರೋಗಕ್ಕೆ ಅದೇ ಕಾರಣವೆಂದೂ ವಾದಿಸಿ, ಕರ್ಪೂರ ಸೇರಿದ ಔಷಧಿಗಳಿಂದ ಪಾದ ತೊಳೆಯಲು ಹೇಳಿದರು. ರೋಗಾಣು ಸಿದ್ಧಾಂತದ ಗೆಲುವಿನ ಕಾಲವದು. ಪ್ರತಿ ಕಾಯಿಲೆಯ ಹಿಂದೆಯೂ ಒಂದು ಸೂಕ್ಷ್ಮಜೀವಿಯನ್ನು ಹುಡುಕುವುದು ಸಹಜವಾಗಿತ್ತು. ಆದರೆ ಸತ್ತ ಚರ್ಮದ ಮೇಲೆ ಬೂಷ್ಟು ಬೆಳೆಯುವುದು ಪರಿಣಾಮವೇ ಹೊರತು ಕಾರಣವಲ್ಲ. ಹಾಗಿದ್ದೂ ಅವರ ಚಿಕಿತ್ಸೆ ಸ್ವಲ್ಪ ಕೆಲಸ ಮಾಡಿತು. ಏಕೆಂದರೆ ಅದರ ನೆಪದಲ್ಲಿ ಸೈನಿಕ ಬೂಟು ಬಿಚ್ಚಿ, ಕಾಲು ತೊಳೆದು, ಒರೆಸಿಕೊಳ್ಳುತ್ತಿದ್ದ.

ಬ್ರಿಟಿಷರ ತಿಮಿಂಗಿಲದ ಎಣ್ಣೆಯ ಕಥೆಯೂ ಇಂಥದೇ. ಪಾದಕ್ಕೆ ಎಣ್ಣೆ ಬಳಿದರೆ ನೀರು ಒಳಹೋಗದು ಎಂಬ ನಂಬಿಕೆಯಿಂದ ಆ ಎಣ್ಣೆಯನ್ನು ಡಬ್ಬಗಟ್ಟಲೆ ಕಂದಕಗಳಿಗೆ ಸಾಗಿಸಲಾಯಿತು. ನಾರುವ ಎಣ್ಣೆ, ಸೈನಿಕರಿಗೆ ಅದನ್ನು ಕಂಡರಾಗದು. ಎಣ್ಣೆಯ ಪದರ ಚಳಿಯನ್ನು ತಡೆಯುವುದಿಲ್ಲ, ದಿನಗಟ್ಟಲೆ ನೀರನ್ನೂ ತಡೆಯುವುದಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಸೇನಾವೈದ್ಯರು ಅದರ ಮೇಲಿನ ಭರವಸೆ ಬಿಟ್ಟರು. ಎಣ್ಣೆಗಿಂತ ಅದನ್ನು ಹಚ್ಚುವ ಕ್ರಮದಲ್ಲಿತ್ತು ಗುಣ. ಸೈನಿಕರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, ಒಬ್ಬನ ಪಾದವನ್ನು ಇನ್ನೊಬ್ಬ ತಿಕ್ಕಬೇಕೆಂದು ಆಜ್ಞೆಯಾಯಿತು. ತನ್ನ ಪಾದ ಮರಗಟ್ಟಿದ್ದು ತನಗೆ ತಿಳಿಯದಿದ್ದರೂ ಜೊತೆಗಾರನ ಕಣ್ಣಿಗೆ ಬೀಳುತ್ತಿತ್ತು.

ಇದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಹೊಣೆಗಾರಿಕೆಯಲ್ಲಿ. ಕಂದಕಪಾದವೆಂದರೆ ಸೈನಿಕನ ಸೋಮಾರಿತನ, ಯುದ್ಧ ತಪ್ಪಿಸಿಕೊಳ್ಳುವ ಉಪಾಯ ಎಂಬ ಶಂಕೆ ಅಧಿಕಾರಿಗಳಲ್ಲಿತ್ತು. ತುಕಡಿಯಲ್ಲಿ ಕಂದಕಪಾದ ಹೆಚ್ಚಿದರೆ ಅದರ ಅಧಿಕಾರಿಯೇ ಉತ್ತರ ಹೇಳಬೇಕೆಂದು ಸೇನೆ ಗೊತ್ತುಮಾಡಿದ ಮೇಲೆ ಚಿತ್ರ ಬದಲಾಯಿತು. ಕಿರಿಯ ಅಧಿಕಾರಿಗಳು ದಿನವೂ ಮೊಣಕಾಲೂರಿ ಸೈನಿಕರ ಬರಿಗಾಲುಗಳನ್ನು ನೋಡತೊಡಗಿದರು. ಊಟದ ಸಾಮಾನಿನ ಜೊತೆಗೆ ಒಣಗಿದ ಕಾಲುಚೀಲಗಳು ಕಂದಕಕ್ಕೆ ಬಂದವು, ಒದ್ದೆಯಾದವು ಹಿಂದಕ್ಕೆ ಹೋದವು. ಮೊಣಕಾಲಿನವರೆಗೆ ಸುತ್ತುವ ಪಟ್ಟಿಯನ್ನು ಬಿಗಿಯಾಗಿ ಕಟ್ಟಬಾರದು, ಬೂಟು ಸ್ವಲ್ಪ ಸಡಿಲವಿರಬೇಕು ಎಂದು ಕಲಿಸಲಾಯಿತು. ಕಂದಕದ ತಳಕ್ಕೆ ಮರದ ಹಲಗೆ ಹಾಸಿದರು, ಪಂಪು ಇಟ್ಟು ನೀರು ತೆಗೆದರು, ಮುಂಚೂಣಿಯಲ್ಲಿ ಇರಬೇಕಾದ ಅವಧಿಯನ್ನು ಇಳಿಸಿದರು. ಬ್ರಿಟನ್ನಿನಲ್ಲಿ ಮನೆಮನೆಗಳಲ್ಲಿ ಹೆಂಗಸರು ಲಕ್ಷಾಂತರ ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸಿನಲ್ಲಿ ಬ್ರಿಟಿಷ್ ಸೇನೆಯ ಒಟ್ಟು ಪ್ರಕರಣಗಳು ಸುಮಾರು 75,000. ಮೊದಲ ಚಳಿಗಾಲದ ಪುಟ್ಟ ಸೇನೆಯಲ್ಲೇ 20,000 ಆಗಿದ್ದವು, ಆಮೇಲೆ ಸೇನೆ ಹಲವು ಪಟ್ಟು ಬೆಳೆಯಿತು ಎಂಬುದನ್ನು ನೆನೆದರೆ ಈ ಕ್ರಮಗಳ ಫಲ ತಿಳಿಯುತ್ತದೆ. ಹೊಸ ಔಷಧಿ ಯಾವುದೂ ಬಂದಿರಲಿಲ್ಲ.

ಮತ್ತೆ ಮರೆತದ್ದು

ಎರಡನೆಯ ಮಹಾಯುದ್ಧದಲ್ಲಿ ಈ ಪಾಠವನ್ನು ಅಮೆರಿಕನ್ನರು ಮೊದಲಿನಿಂದ ಕಲಿಯಬೇಕಾಯಿತು. 1943ರ ಮೇ ತಿಂಗಳಲ್ಲಿ ಅಲ್ಯೂಷಿಯನ್ ದ್ವೀಪಮಾಲೆಯ ಅಟ್ಟು ದ್ವೀಪವನ್ನು ಜಪಾನೀಯರಿಂದ ಮರಳಿ ಪಡೆಯಲು ಹೋದಾಗ 549 ಅಮೆರಿಕನ್ನರು ಸತ್ತರು, 1,148 ಮಂದಿ ಗಾಯಗೊಂಡರು. ಚಳಿಯಿಂದ ಕೆಟ್ಟವರು ಸುಮಾರು 1,200. ನೀರು ಹೀರುವ ಚರ್ಮದ ಬೂಟು ತೊಟ್ಟು ಜೌಗುನೆಲದಲ್ಲಿ ಹೋರಾಡಿದ್ದರ ಫಲ. ಅದೇ ವರ್ಷದ ಕೊನೆಗೆ ಇಟಲಿಯ ಬೆಟ್ಟಗಳಲ್ಲಿ ಅಮೆರಿಕನ್ ಮತ್ತು ಬ್ರಿಟಿಷ್ ಪಡೆಗಳು ಅಕ್ಕಪಕ್ಕದಲ್ಲೇ ಇದ್ದವು. ಮಳೆ ಅದೇ, ಕೆಸರು ಅದೇ. ಅಮೆರಿಕನ್ನರಲ್ಲಿ ಕಂದಕಪಾದ ಸಾವಿರಗಳಲ್ಲಿದ್ದರೆ ಬ್ರಿಟಿಷರಲ್ಲಿ ಅದರ ಸಣ್ಣ ಪಾಲು ಮಾತ್ರ. ಹಳೆಯ ಯುದ್ಧದ ಪಾದತಪಾಸಣೆಯ ಶಿಸ್ತನ್ನು ಬ್ರಿಟಿಷರು ಬಿಟ್ಟಿರಲಿಲ್ಲ. ಉಣ್ಣೆಯ ಕಾಲುಚೀಲ, ಸಡಿಲ ಬೂಟು, ಸರದಿಯಂತೆ ವಿಶ್ರಾಂತಿ ಅವರಿಗಿದ್ದವು.

1944ರ ಸೆಪ್ಟೆಂಬರ್‌ನಲ್ಲಿ, ಜರ್ಮನಿ ಚಳಿಗಾಲಕ್ಕೆ ಮುನ್ನವೇ ಸೋಲುತ್ತದೆ ಎಂಬ ನಿರೀಕ್ಷೆಯಲ್ಲಿ ಜನರಲ್ ಒಮರ್ ಬ್ರಾಡ್ಲಿ ಚಳಿಗಾಲದ ಉಡುಪಿಗಿಂತ ಪೆಟ್ರೋಲು ಮದ್ದುಗುಂಡುಗಳಿಗೆ ಸಾಗಣೆಯಲ್ಲಿ ಆದ್ಯತೆ ಕೊಟ್ಟ. ಯುದ್ಧ ಮುಗಿಯಲಿಲ್ಲ, ಮಳೆ ಬಂತು. ಆ ಚಳಿಗಾಲ ಮುಗಿಯುವುದರೊಳಗೆ ಯುರೋಪಿನಲ್ಲಿ 45,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಚಳಿಯಿಂದಾದ ಹಾನಿಗೆ ಆಸ್ಪತ್ರೆ ಸೇರಿದರು. ತನ್ನ ನಿರ್ಧಾರದ ಬಗ್ಗೆ ಬ್ರಾಡ್ಲಿ 1951ರ ಆತ್ಮಕಥನದಲ್ಲಿ ತಾನೇ ಬರೆದಿದ್ದಾನೆ. ಈ ಇಡೀ ಅನುಭವವನ್ನು 1958ರಲ್ಲಿ ದೊಡ್ಡ ಗ್ರಂಥವಾಗಿ ದಾಖಲಿಸಿದ ಇಬ್ಬರಲ್ಲಿ ಒಬ್ಬ, ಮುಂದೆ ಹೃದಯ ಶಸ್ತ್ರಚಿಕಿತ್ಸೆಗೆ ಹೆಸರಾದ ಮೈಕೆಲ್ ಡಿಬೇಕಿ. ಅಷ್ಟೆಲ್ಲ ಬರೆದಿಟ್ಟ ಮೇಲೂ 1982ರ ಫಾಕ್‌ಲೆಂಡ್ ಯುದ್ಧದಲ್ಲಿ, ನೀರು ಒಳಬಿಡುವ ಬೂಟುಗಳಿಂದಾಗಿ, ಈ ಸಲ ಬ್ರಿಟಿಷರೇ ಕಂದಕಪಾದಕ್ಕೆ ತುತ್ತಾದರು.

ನಮ್ಮ ದೇಶದ ಅನುಭವವೂ ಇದಕ್ಕೆ ಹೊರತಲ್ಲ. 1962ರಲ್ಲಿ ಚೀನಾದೊಂದಿಗಿನ ಯುದ್ಧದಲ್ಲಿ ಹಿಮಾಲಯದ ಎತ್ತರಕ್ಕೆ ಹತ್ತಿಯ ಉಡುಪು, ಕ್ಯಾನ್‌ವಾಸ್ ಬೂಟುಗಳಲ್ಲಿ ಕಳಿಸಲಾದ ಸೈನಿಕರಿದ್ದರು. ಅಲ್ಲಿಯದು ಹೆಚ್ಚಾಗಿ ನಿಜವಾದ ಹಿಮಕಡಿತ. 1984ರಿಂದ ನಮ್ಮ ಸೇನೆ ಸಿಯಾಚಿನ್ ನೀರ್ಗಲ್ಲಿನ ಮೇಲಿದೆ. ಅಲ್ಲಿ ಕಾಲುಚೀಲ, ಬೂಟು, ಪಾದದ ತಪಾಸಣೆ ಇವು ಬಂದೂಕಿನಷ್ಟೇ ಮುಖ್ಯವಾದ ಸಂಗತಿಗಳು.

ಪಾದದೊಳಗೆ ನಡೆಯುವುದೇನು?

ದೇಹ ತಣ್ಣಗಾದಾಗ ಮಿದುಳು ಮೊದಲು ಉಳಿಸಿಕೊಳ್ಳುವುದು ಹೃದಯ, ಶ್ವಾಸಕೋಶಗಳಂಥ ಒಳಗಿನ ಅಂಗಗಳ ಶಾಖವನ್ನು. ಕೈಕಾಲುಗಳ ರಕ್ತನಾಳಗಳು ಮುದುಡಿ, ಅಲ್ಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೃದಯದಿಂದ ಅತಿ ದೂರದ ಪಾದಕ್ಕೆ ಈ ಕಡಿತ ಹೆಚ್ಚು. ಆದರೂ ಒಂದು ರಕ್ಷಣೆ ಇದೆ. ಬ್ರಿಟಿಷ್ ವೈದ್ಯವಿಜ್ಞಾನಿ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದಂತೆ, ಬೆರಳನ್ನು ಮಂಜುನೀರಿನಲ್ಲಿ ಅದ್ದಿದರೆ ಮುದುಡಿದ ನಾಳಗಳು ಆಗಾಗ ತೆರೆದುಕೊಂಡು ಸ್ವಲ್ಪ ಬಿಸಿರಕ್ತವನ್ನು ಬಿಡುತ್ತವೆ. ದೇಹವೇ ತಣ್ಣಗಿದ್ದಾಗ, ಹಸಿದು ದಣಿದು ನಿಂತಲ್ಲೇ ನಿಂತಾಗ ಈ ರಕ್ಷಣೆ ಕುಗ್ಗುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ 10 ಡಿಗ್ರಿ ಸೆಲ್ಸಿಯಸ್‌ನ ಕೆಸರು ಕೂಡ ಪಾದದ ಶಾಖವನ್ನು ಎಡೆಬಿಡದೆ ಹೀರುತ್ತದೆ. ರಕ್ತ ಕಡಿಮೆಯಾದಲ್ಲಿ ಆಕ್ಸಿಜನ್ ಕಡಿಮೆ. ಚರ್ಮ ನೀರು ಕುಡಿದು ಉಬ್ಬುತ್ತದೆ, ಬೂಟು ಇನ್ನಷ್ಟು ಬಿಗಿಯಾಗುತ್ತದೆ. ಮೊದಲು ಸೋಲುವುದು ನರಗಳು. ಎರಡನೆಯ ಮಹಾಯುದ್ಧದಲ್ಲಿ, ಮುಳುಗಿದ ಹಡಗುಗಳಿಂದ ಪಾರಾಗಿ ದಿನಗಟ್ಟಲೆ ನೀರು ತುಂಬಿದ ದೋಣಿಗಳಲ್ಲಿ ಕುಳಿತಿದ್ದ ನಾವಿಕರನ್ನು ಪರೀಕ್ಷಿಸಿದ ಉಂಗ್ಲಿ ಎಂಬ ಬ್ರಿಟಿಷ್ ವೈದ್ಯ ಈ ನರಹಾನಿಯನ್ನು ವಿವರವಾಗಿ ಬರೆದ. ಹೊರಗೆ ವಾಸಿಯಾದಂತೆ ಕಂಡ ಪಾದಗಳಲ್ಲೂ ನೋವು, ಅತಿಯಾದ ಬೆವರು, ಚಳಿ ತಡೆಯದಿರುವಿಕೆ ಎಷ್ಟೋ ಕಾಲ ಉಳಿಯುತ್ತಿದ್ದವು.

ಕಂದಕಪಾದಕ್ಕೂ ಹಿಮಕಡಿತಕ್ಕೂ ಇರುವ ಭೇದ ಚಿಕಿತ್ಸೆಯಲ್ಲೂ ಮುಖ್ಯ. ಹೆಪ್ಪುಗಟ್ಟಿದ ಅಂಗವನ್ನು, ಮತ್ತೆ ಹೆಪ್ಪುಗಟ್ಟುವ ಸಂಭವವಿಲ್ಲವೆಂದು ಖಚಿತಪಡಿಸಿಕೊಂಡು, 37ರಿಂದ 39 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಬೇಗ ಕರಗಿಸಬೇಕು. ಇದನ್ನು 1930ರ ದಶಕದಲ್ಲಿ ಸೋವಿಯತ್ ಶಸ್ತ್ರವೈದ್ಯ ಗಿರ್ಗೋಲಾವ್ ಪ್ರತಿಪಾದಿಸಿದ. ನಂತರದ ದಶಕಗಳಲ್ಲಿ ಅಲಾಸ್ಕಾದ ವೈದ್ಯರು ರೂಢಿಗೆ ತಂದರು. ಲಾರೆಯ ಹಿಮದ ಉಜ್ಜುವಿಕೆ ಕೊನೆಗೊಂಡದ್ದು ಹೀಗೆ. ಕಂದಕಪಾದಕ್ಕೆ ಮಾತ್ರ ಬೇಗ ಬಿಸಿ ಕೊಡಬಾರದು. ದೇಹವನ್ನು ಬೆಚ್ಚಗಿಟ್ಟು, ಪಾದವನ್ನು ಒರೆಸಿ, ಉಜ್ಜದೆ, ಎತ್ತರದಲ್ಲಿಟ್ಟು, ಕೋಣೆಯ ಗಾಳಿಯಲ್ಲಿ ತಾನಾಗಿ ಚೇತರಿಸಲು ಬಿಡಬೇಕು.

ವಿಯೆಟ್ನಾಮ್ ಯುದ್ಧದ ಕಾಲದಲ್ಲಿ ಇನ್ನೊಂದು ಅಂಶ ಬೆಳಕಿಗೆ ಬಂತು. ಭತ್ತದ ಗದ್ದೆಗಳ ಬೆಚ್ಚನೆಯ ನೀರಿನಲ್ಲೂ ಎರಡು ಮೂರು ದಿನ ಬೂಟು ಬಿಚ್ಚದೆ ನಡೆದ ಸೈನಿಕರ ಪಾದಗಳು ಊದಿ ನೋಯುತ್ತಿದ್ದವು. ರಾತ್ರಿ ಕೆಲವು ಗಂಟೆ ಒಣಗಲು ಬಿಟ್ಟರೆ ತೊಂದರೆ ಬರುತ್ತಿರಲಿಲ್ಲ. ನಮ್ಮ ನಾಟಿ ಗದ್ದೆಗಳಲ್ಲಿ ಹಗಲೆಲ್ಲ ಕೆಸರಿನಲ್ಲಿ ನಿಲ್ಲುವವರ ಬೆರಳ ಸಂದುಗಳು ಬಿಳುಚಿ ಹುಣ್ಣಾಗುವುದುಂಟು. ಆದರೂ ಪಾದ ಪೂರ್ತಿ ಕೆಡದಿರುವುದಕ್ಕೆ, ಸಂಜೆ ಮನೆಗೆ ಬಂದು ಕಾಲು ತೊಳೆದು ಒಣಗಿಸಿಕೊಳ್ಳುವ ಪದ್ಧತಿಯೇ ಕಾರಣವಿದ್ದೀತು.

ಸ್ಪರ್ಶವಿಲ್ಲದ ಪಾದ

ಮರಗಟ್ಟಿದ ಕಾಲನ್ನು ಬೆಂಕಿಗೆ ಒಡ್ಡಿದ ಐಲಾವಿನ ಸೈನಿಕರ ಸ್ಥಿತಿಯಲ್ಲಿ ಇಂದು ನಮ್ಮ ನಡುವೆ ಲಕ್ಷಾಂತರ ಜನರಿದ್ದಾರೆ. ಅವರು ಮಧುಮೇಹದಿಂದಲೋ ಕುಷ್ಠದಿಂದಲೋ ಪಾದದ ಸ್ಪರ್ಶ ಕಳೆದುಕೊಂಡವರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ, ನೋವು ತಿಳಿಯದೆ ಆದ ಗಾಯ, ಸುಟ್ಟಗಾಯಗಳಿಂದ ಹಾಳಾಗುತ್ತವೆ ಎಂದು ತೋರಿಸಿದರು. ನೋವು ಹೇಳಬೇಕಾದ್ದನ್ನು ಕಣ್ಣು ಹೇಳಬೇಕು ಎಂಬ ತತ್ತ್ವದ ಮೇಲೆ ಅವರು ರೋಗಿಗಳಿಗೆ ದಿನವೂ ಪಾದ ನೋಡಿಕೊಳ್ಳುವುದನ್ನು ಕಲಿಸಿದರು. ಮೃದುವಾದ ರಬ್ಬರಿನ ಅಟ್ಟೆಯ ಚಪ್ಪಲಿಗಳನ್ನು ಮಾಡಿಸಿದರು. ಕಂದಕದ ಪಾದತಪಾಸಣೆಯನ್ನೇ ಇದು ಬೇರೆ ದಾರಿಯಿಂದ ತಲುಪಿದಂತಿದೆ.

ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಆಗ ಬೆಂಕಿ ಕಾಯಿಸುವುದು, ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದು ಸಾಮಾನ್ಯ. ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರು ಇವೆರಡನ್ನೂ ಮಾಡಬಾರದು. ಸಡಿಲವಾದ ಕಾಲುಚೀಲ ಹಾಕಿಕೊಂಡರೆ ಸಾಕು. ಕಾಲಿಗೆ ಹಾಕುವ ನೀರು ಎಷ್ಟು ಬಿಸಿ ಎಂಬುದನ್ನು ಪಾದದಿಂದಲ್ಲ, ಮೊಣಕೈಯಿಂದ ಮುಟ್ಟಿ ನೋಡಬೇಕು. ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಹಚ್ಚಬಾರದು. ಸಂದುಗಳನ್ನು ಒರೆಸಿ ಒಣಗಿಸಬೇಕು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಬಗ್ಗಲಾಗದ, ಕಣ್ಣು ಮಂಜಾದ ಹಿರಿಯರಿದ್ದರೆ ಮನೆಯವರಲ್ಲೊಬ್ಬರು ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಿ, ಬಣ್ಣ ಬದಲಾಗಿದೆಯೇ, ಬೊಬ್ಬೆ ಎದ್ದಿದೆಯೇ ಎಂದು ಪರೀಕ್ಷಿಸಬೇಕು. ಏನಾದರೂ ಕಂಡರೆ ನೋವಿಲ್ಲವೆಂದು ಕಾಯದೆ ಮರುದಿನವೇ ವೈದ್ಯರಿಗೆ ತೋರಿಸಬೇಕು.